ಕೆಳರೆಪ್ಪೆ ನೋಡುವ ಚಾಳಿ

ಯಗಟಿ
ಬುಧವಾರ, 11-6-2025

ಪ್ರೀತಿಯ ಮಲ್ಲಿಕಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವನ ಕೆಮ್ಮು ಇಳಿಯಿತೇ? ಲಕ್ಕವಳ್ಳಿಯ ಗಾಳಿಗೆ ಸಂಜೆ ಹೊರಗೆ ಕೂರಬೇಡ ಎಂದರೆ ನೀನು ಕೇಳುವವಳಲ್ಲ. ಫೋನ್ ಮಾಡದೆ ಕಾಗದ ಬರೆದಳಲ್ಲ ಎಂದು ಗಾಬರಿಯಾಗಬೇಡ. ಇವರು ಹದಿನೈದು ದಿನ ರಜೆ ಹಾಕಿ ಮನೆಯಲ್ಲೇ ಇದ್ದಾರೆ. ನಾನು ಫೋನ್ ಹಿಡಿದರೆ ಸಾಕು, ಹಿಂದೆ ಬಂದು ನಿಲ್ಲುತ್ತಾರೆ.

ರಜೆ ಎನ್ನುವುದು ಹೆಸರಿಗೆ ಮಾತ್ರ. ಇಪ್ಪತ್ತೆರಡು ವರ್ಷ ದನದಾಸ್ಪತ್ರೆಯಲ್ಲಿ ಕುರಿಗಳ ಜೊತೆ ಏಗಿದ ಮನುಷ್ಯ, "ಈ ಸಲ ಒಂದು ಕುರಿ ಮುಖಾನೂ ನೋಡಕಿಲ್ಲ ಕಣೇ" ಎಂದು ಮಾತು ಕೊಟ್ಟಿದ್ದರು. ಮೂರನೆಯ ದಿನವೇ ಅಂತರಘಟ್ಟೆಯಲ್ಲಿ ಷಣ್ಮುಖಪ್ಪ ಮಾವನ ಮನೆಯ ಗೃಹಪ್ರವೇಶ. ಎಲೆ ಹಾಕಿ ಎಲ್ಲರೂ ಕಾಯುತ್ತಿದ್ದರೆ ಇವರು ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು ಹಿತ್ತಲಿನ ಕುರಿರೊಪ್ಪದಲ್ಲಿ! ಒಂದೊಂದೇ ಕುರಿಯ ಕೆಳರೆಪ್ಪೆ ಎಳೆದು ನೋಡುತ್ತಿದ್ದರು. ಒಳಗೆ ಕೆಂಪಗಿದ್ದರೆ ಕ್ಷೇಮ, ಬೆಳ್ಳಗಿದ್ದರೆ ಮೈಯಲ್ಲಿ ರಕ್ತವಿಲ್ಲ ಎಂದರ್ಥವಂತೆ. ಆಮೇಲೆ ಏನೂ ಆಗದವರ ಹಾಗೆ ಕೈ ತೊಳೆದು ಊಟಕ್ಕೆ ಕೂತರು. ನಾನು ನಾಚಿಕೆಯಿಂದ ತಲೆ ಎತ್ತಲಿಲ್ಲ.

ಸೋಮವಾರದ್ದು ಕೇಳು. ಮಧ್ಯಾಹ್ನ ನಡುಮನೆಯಲ್ಲಿ ಹಾಗೇ ಮಲಗಿದ್ದೆ. ಕಣ್ಣಿನ ಮೇಲೇನೋ ಒತ್ತಿದಂತಾಗಿ ಎಚ್ಚರವಾದರೆ ಇವರ ಹೆಬ್ಬೆರಳು! ನನ್ನ ಕೆಳರೆಪ್ಪೆ ಎಳೆದು ಹಿಡಿದಿದ್ದಾರೆ. "ನಾನೇನು ಕುರಿನಾ?" ಎಂದು ಕೈ ಕೊಡವಿದೆ. ಇವರು ನಗಲಿಲ್ಲ. "ಸುಣ್ಣದಂಗೆ ಬೆಳ್ಳಗೈತೆ ಕಣೇ. ಏಳು, ಕಡೂರಿಗೆ ಹೋಗಣ" ಎಂದರು. ಕಡೂರಿನಲ್ಲಿ ರಕ್ತ ಪರೀಕ್ಷೆ ಮಾಡಿದರೆ ಹನ್ನೆರಡು ಇರಬೇಕಾದ ಹಿಮೋಗ್ಲೋಬಿನ್ ಐದೂವರೆ! "ಇಷ್ಟು ದಿನ ಹೆಂಗಮ್ಮಾ ಓಡಾಡ್ತಿದ್ರಿ?" ಎಂದರು ಡಾಕ್ಟರು. ನಾಲ್ಕು ಮೆಟ್ಟಿಲಿಗೇ ಏದುಸಿರು ಬರುತ್ತಿತ್ತು, ವಯಸ್ಸಾಯಿತು ಎಂದುಕೊಂಡಿದ್ದೆ. ಅಕ್ಕಾ, ನನಗಿನ್ನೂ ನಂಬಲಾಗುತ್ತಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ಈ ಮನುಷ್ಯ ನನ್ನ ಕಣ್ಣನ್ನು ಅಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು, ಅದೂ ಕುರಿಯನ್ನು ನೋಡುವ ಹಾಗೆ. ಸಿಟ್ಟು ಮಾಡಬೇಕೋ ಕಾಲಿಗೆ ಬೀಳಬೇಕೋ ತಿಳಿಯದೆ ಬಸ್ಸಿನಲ್ಲಿ ಅತ್ತುಬಿಟ್ಟೆ.

ಭಾವನಿಗೆ ನಮಸ್ಕಾರ ಹೇಳು. ಮೊಮ್ಮಗಳು ಶ್ರೀಜಾಳಿಗೆ ನನ್ನ ಮುದ್ದು.

ನಿನ್ನ ತಂಗಿ,
ಸುಮನಾ

ಅಕ್ಕಾ, ಹೇಳಬೇಕಾದ್ದನ್ನೇ ಬಿಟ್ಟೆ. ಶುಕ್ರವಾರ ನನಗೆ ರಕ್ತ ಹಾಕುತ್ತಾರೆ. ಈ ಕಾಗದ ತರುವ ಪಕ್ಕದ ಮನೆಯ ರುದ್ರಮೂರ್ತಿಯ ಜೊತೆಯಲ್ಲೇ ಹೊರಟು ಬಾ. ಸೋಮವಾರ ಕಡೂರಿನಲ್ಲಿ ಡಾಕ್ಟರು ಇವರೊಬ್ಬರನ್ನೇ ಒಳಗೆ ಕರೆದು ಬಹಳ ಹೊತ್ತು ಮಾತಾಡಿದರು. ಏನೆಂದು ಕೇಳಿದರೆ "ಏನಿಲ್ಲ ಬಿಡು" ಎಂದರು. ಮನೆಗೆ ಬಂದವರೇ ಇನ್ನೂ ಒಂದು ತಿಂಗಳು ರಜೆಗೆ ಬರೆದರು. ಸ್ನಾನಕ್ಕೂ ಜೊತೆಗೆ ಒಯ್ಯುತ್ತಿದ್ದ ತಮ್ಮ ಫೋನನ್ನು ಆಫ್ ಮಾಡಿ ಬೀರುವಿನಲ್ಲಿಟ್ಟರು. ಇವತ್ತು ಬೆಳಿಗ್ಗೆ ಕುರಿ ಕಾಯುವ ಬೀರಪ್ಪ ನರಳುತ್ತಿದ್ದ ಕುರಿಯನ್ನು ಹೆಗಲ ಮೇಲೆ ಹೊತ್ತು ತಂದು, "ಗುರುಮೂರ್ತಣ್ಣಾ, ಒಸಿ ನೋಡಣ್ಣೋ" ಎಂದು ಬಾಗಿಲಲ್ಲಿ ಇವರನ್ನು ಕೂಗಿದ. ಇವರು ತಲೆಯೆತ್ತಲೂ ಇಲ್ಲ. ನನ್ನ ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಲೇ ಇದ್ದರು. ಡಾಕ್ಟರು ಏನು ಹೇಳಿದರೆಂದು ನೀನೇ ಬಂದು ಕೇಳು.