ಇಳಿಸಿ ನೋಡದ ಕಾಲು

ಆಗಸ್ಟ್ 17, ಭಾನುವಾರ, ಸಂಜೆ

ಸಾರಿ, ಡೈರಿ. ಬರೆಯುವಷ್ಟು ದೊಡ್ಡ ವಿಷಯವೇನಲ್ಲ. ನಾಳೆ ಮ್ಯಾಥ್ಸ್ ಟೆಸ್ಟ್ ಬೇರೆ. ಆದರೂ...

ಇವತ್ತು ಮತ್ತೆ ಮಾಧವರಂ ಲಾರಿ ಶೆಡ್. ಸುಕೇಶ್ ಮಾವನ ಟ್ರೈಲರಿನ ಒಂದು ಲ್ಯಾಂಡಿಂಗ್ ಲೆಗ್ ಬೆಂಡ್ ಆಗಿತ್ತು — ಹೊಸದು ಹಾಕಿಸಿದರು. ಅಮ್ಮನ ಕಡೆ ಎಲ್ಲರೂ ಹೋಟೆಲಿನವರು, ಮಾವ ಒಬ್ಬರೇ ಡ್ರೈವರ್. ನಾನು ಮೆಕ್ಯಾನಿಕಲ್ ಸೇರಿದಾಗಿನಿಂದ ಪ್ರತಿ ರಿಪೇರಿಗೂ ಕರೆ.

"ಲಾರಿ ಬಿಚ್ಚಿಕೊಂಡು ಹೋದ ಮೇಲೆ ಲೋಡ್ ನಿಲ್ಲುದು ಈ ಎರಡು ಕಾಲಿನ ಮೇಲೆ ಮಾರಾಯ್ತಿ. ನಿಮ್ಮ ಕಾಲೇಜಲ್ಲಿ ಉಂಟಾ ಇದು?"

"ಫಸ್ಟ್ ಇಯರ್‌ನಲ್ಲಿ ಕೆಮಿಸ್ಟ್ರಿ, ಮಾವ."

"ಕೆಮಿಸ್ಟ್ರಿಯಾ! ಅದು ಸಾಂಬಾರಿಗೆ ಆಗ್ತದೆ."

ಎರಡು ಕಾಲನ್ನೂ ಪೂರ್ತಿ ಮೇಲೆ ತಂದು, ಆಮೇಲೆ ಎರಡನ್ನೂ ಸೇರಿಸುವ ನಡುವಿನ ರಾಡ್ ಜೋಡಿಸಬೇಕು — ಮೆಕ್ಯಾನಿಕ್ ಅನಿಲ್ ಹೇಳಿದ್ದು. ಆಗಲೇ ಎರಡೂ ಸಮ ಇಳಿಯುವುದು. ಹೊಸದು ಮೇಲೆಯೇ ಇತ್ತು. ಹಳೆಯದರ ಹ್ಯಾಂಡಲ್ ನನ್ನ ಕೈಗೆ. ತಿರುಗಿಸಿದೆ, ತಿರುಗಿಸಿದೆ... ಬಿಗಿಯಾಯಿತು. ಮೇಲೆ ಮುಟ್ಟಿತು ಅಂದುಕೊಂಡೆ. ಬಗ್ಗಿ ನೋಡಲಿಲ್ಲ. ಹಾಸ್ಟೆಲ್ ಔಟ್‌ಪಾಸ್ ಆರಕ್ಕೆ ಮುಗಿಯುತ್ತೆ. ಲೇಟಾದರೆ ವಾರ್ಡನ್ ನೇರ ಅಮ್ಮನಿಗೆ ಫೋನ್.

"ಆಯ್ತು" ಅಂದೆ.

ಅನಿಲ್ ರಾಡ್ ಜೋಡಿಸಿ ಬೋಲ್ಟ್ ಬಿಗಿದರು. ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಕೇಳಿದರು: "ಒಂದು ಸಲ ಇಳಿಸಿ ನೋಡ್ಬಿಡ್ಲಾಮಾ ಸಾರ್?"

"ಬೇಡ, ಇವಳಿಗೆ ಗೇಟ್ ಹಾಕ್ತಾರೆ. ಎಂಜಿನಿಯರ್ ಹೇಳಿದ ಮೇಲೆ ಎಂತ ಟೆಸ್ಟಿಂಗ್!"

ಮಾವ ನಕ್ಕರು. ನಾನೂ. ಟ್ರೈಲರ್ ಮುಂದೆ ಮಾವನ ಫೋಟೋ ತೆಗೆದೆ. ಬೈಕಿನಲ್ಲಿ ಪೆರಂಬೂರು ಸ್ಟೇಷನ್ ತನಕ ಬಿಟ್ಟರು. ತಾಂಬರಂ ತಲುಪಿದಾಗ ಹಾಸ್ಟೆಲ್ ಗೇಟ್ ಇನ್ನೂ ತೆರೆದಿತ್ತು. ಖುಷಿಯಾಗಿತ್ತು.

ಆಗಸ್ಟ್ 20, ಬುಧವಾರ, ಬೆಳಿಗ್ಗೆ

ಡ್ರಾಯಿಂಗ್ ಕ್ಲಾಸಿನಲ್ಲಿ ಮಾವನ ಕಾಲ್. ಸೈಲೆಂಟ್ ಮಾಡಿರಲಿಲ್ಲ. ಎಲ್ಲರೂ ತಿರುಗಿ ನೋಡಿದರು. ಹೊರಗೆ ಓಡಿದೆ.

"ಕ್ಲಾಸ್ ಟೈಮಲ್ಲಿ ಕಾಲ್ ಮಾಡ್ಬೇಡಿ ಮಾವ, ಪ್ಲೀಸ್! ಇದೇನು ನಿಮ್ಮ ಲಾರಿ ಶೆಡ್ಡಾ?"

"ಇಲ್ಲ ಚೈತೂ... ಹೊಸ ಕಾಲಿಗೆ ಮೊದಲ ಲೋಡ್ ಸಿಕ್ಕಿತು. ನಿನಗೇ ಮೊದಲು ಹೇಳುವ ಅಂತ —"

ಕಟ್ ಮಾಡಿದೆ.

ಅದೇ ದಿನ, ಮಧ್ಯಾಹ್ನ

ಮೆಸ್‌ನಲ್ಲಿ ರೂಮ್‌ಮೇಟ್ ನಂದಿತಾ ಭಾನುವಾರದ ಫೋಟೋ ಝೂಮ್ ಮಾಡಿದಳು.

"ಏನೇ ಇದು, ನಿಮ್ಮ ಮಾವ ಟ್ರೈಲರ್‌ಗೆ ಒಂದೇ ಕಾಲಿಗೆ ಹೀಲ್ಸ್ ಹಾಕ್ಸವ್ರೆ?"

ನೋಡಿದೆ. ಹೊಸ ಕಾಲು ಪೂರ್ತಿ ಮೇಲೆ. ಹಳೆಯದು ನಾಲ್ಕು ಬೆರಳು ಕೆಳಗೆ. ತುಕ್ಕಿಗೆ ಸಿಕ್ಕಿ ಬಿಗಿಯಾಗಿದ್ದು ಅದು... ಮೇಲೆ ಮುಟ್ಟಿ ಅಲ್ಲ.

ಇಳಿಸಿದರೆ ಆ ನಾಲ್ಕು ಬೆರಳಿನ ವ್ಯತ್ಯಾಸ ಹಾಗೇ ಉಳಿದು ಅದೊಂದೇ ನೆಲ ಮುಟ್ಟುತ್ತದೆ. ಲೋಡ್ ಪೂರ್ತಿ ಅದರ ಮೇಲೆ, ಅದು ಮುರಿದರೆ ಟ್ರೈಲರ್ ವಾಲುತ್ತದೆ. ಮಾವ ಹ್ಯಾಂಡಲ್ ಹಿಡಿದು ಪಕ್ಕದಲ್ಲೇ ನಿಂತಿರುತ್ತಾರೆ. ಕೆಳಗೆ ನೋಡುತ್ತಾರೆ ಅಲ್ಲವೇ? ನೋಡೇ ನೋಡುತ್ತಾರೆ. ಆದರೆ ನಾನು "ಆಯ್ತು" ಅಂದಿದ್ದೆನಲ್ಲ.

ಮಾವನಿಗೆ ಕಾಲ್ ಹೋಗುತ್ತಿಲ್ಲ. ಸ್ವಿಚ್ಡ್ ಆಫ್. ಅವರು ಎಲ್ಲಿದ್ದಾರೆ ಅಂತ ಅಮ್ಮನಿಗೂ ಗೊತ್ತಿಲ್ಲ, ಅನಿಲ್ ನಂಬರ್ ನನ್ನ ಹತ್ತಿರ ಇಲ್ಲ. ಲೋಡ್ ಬಿಡಲು ಯಾವ ಯಾರ್ಡಿಗೆ ಹೋಗುತ್ತಿದ್ದೀರಿ ಅಂತ ಒಂದು ಮಾತು ಕೇಳಿದ್ದರೆ... ಅವರು ಹೇಳುವವರೇ ಇದ್ದರು.

ಬೆಳಗಿನದಕ್ಕೆ ಉದ್ದದ ಸಾರಿ ಟೈಪ್ ಮಾಡಿ ಅಳಿಸಿದೆ. ಮೊದಲು ಓದಬೇಕಾದ್ದು ಅದಲ್ಲ. ಕಳಿಸಿದ್ದು ಇಷ್ಟೇ —

ಮಾವ, ಟ್ರೈಲರ್ ಬಿಚ್ಚಬೇಡಿ. ಹಳೆ ಕಾಲು ಪೂರ್ತಿ ಮೇಲೆ ಬಂದಿರಲಿಲ್ಲ, ನಾನು ನೋಡದೆ ಹೇಳಿದೆ. ಕ್ಲಾಸಿದ್ದರೂ ಕಾಲ್ ಮಾಡಿ. ಬೇಗ ರಿಪ್ಲೈ ಮಾಡಿ