ಪೆಯೊನ ಕಿವಿಯಲ್ಲಿ ಹೇಳಿದ ಸ್ಕೋರ್

ಬಯೋನ್, ಮಂಗಳವಾರ

ಕೋಚ್ ಲಾಬೊರ್ದ್ ಅವರಿಗೆ,

ಭಾನುವಾರ ನೀವು ಮನೆಗೆ ಬಂದು, "ಪೆಯೊ ಕೇಸಿನ ವಿಚಾರಣೇಲಿ ಏನೂ ನೆನಪಿಲ್ಲ ಅಂದ್ಬಿಡು ಬೆನ್ಯಾತ್, ಹನ್ನೆರಡು ವರ್ಷ ಆಯ್ತಲ್ಲ" ಅಂದಿರಿ. ನನಗೆ ಎಲ್ಲವೂ ನೆನಪಿದೆ.

ರಗ್ಬಿ ಸೆಮಿಫೈನಲ್‌ನಲ್ಲಿ ನಮ್ಮ ತಂಡದ ಪೆಯೊ ತಲೆಗೆ ಪೆಟ್ಟು ತಿಂದು ಬಿದ್ದಾಗ, ನೀವು ಮೈದಾನದ ಗೆರೆಯಾಚೆಯಿಂದ ನನಗೆ ಕಣ್ಸನ್ನೆ ಮಾಡಿದಿರಿ. ಅವನನ್ನು ಎಬ್ಬಿಸುವ ನೆಪದಲ್ಲಿ ನಾನು "ಒಂಬತ್ತು–ಆರು" ಎಂದು ಕಿವಿಯಲ್ಲಿ ಪಿಸುಗುಟ್ಟಿದೆ. ಅವನ ತಲೆ ಸರಿಯಿದೆಯೇ ಎಂದು ನೋಡಲು ಡಾಕ್ಟರು ಸ್ಕೋರ್ ಕೇಳಿದಾಗ ಅದನ್ನೇ ಒಪ್ಪಿಸಿ, ಅವನು ಆಟ ಮುಂದುವರಿಸಿದ. ನಾವು ಗೆದ್ದೆವು. ಆ ಗೆಲುವಿನಿಂದಲೇ ನನಗೆ ಫ್ರಾನ್ಸ್ ತಂಡದ ಅಂಗಿ ಸಿಕ್ಕಿತು.

ಪೆಯೊ ಈಗ ಹೆಂಡತಿಯನ್ನೇ "ನೀವ್ಯಾರು ಮೇಡಂ?" ಎಂದು ಕೇಳುತ್ತಾನೆ.

ಗುರುವಾರ ವಿಚಾರಣೆಯಲ್ಲಿ ಅವಳೆದುರೇ ಇದೆಲ್ಲವನ್ನೂ ಹೇಳುತ್ತೇನೆ. ಮೊದಲು ನನ್ನ ತಪ್ಪು, ಆಮೇಲೆ ನಿಮ್ಮದು.

ಅಲ್ಲಿಯವರೆಗೆ ದಯವಿಟ್ಟು ಫೋನ್ ಮಾಡಬೇಡಿ. ನಿಮ್ಮ ದನಿ ಕೇಳಿದರೆ ಈಗಲೂ ನೀವು ಹೇಳಿದಂತೆಯೇ ಮಾಡಿಬಿಡುತ್ತೇನೆ.

ನಿಮ್ಮ ಆಟಗಾರನಾಗಿದ್ದ,
ಬೆನ್ಯಾತ್