ಬೂತಿನ ಆ ಒಂದು ವೋಟು

ಶನಿವಾರ, ೬ ನವೆಂಬರ್ ೨೦೦೪. ಆಸ್ಟಿನ್.

ಆ ಒಂದು ವೋಟು ತಲೆಯಿಂದ ಹೋಗುತ್ತಲೇ ಇಲ್ಲ.

ನನ್ನ ಥೀಸಿಸ್ಸಿನ ಹಳ್ಳಿ ಬೂತಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ರಿಪಬ್ಲಿಕನ್ನರು. ೨೦೦೦ರ ಅಧ್ಯಕ್ಷ ಚುನಾವಣೆಯಲ್ಲಿ ಡೆಮಾಕ್ರಟರಿಗೆ ಬಿದ್ದದ್ದು ಒಂದೇ ವೋಟು. ಅದು ತಮ್ಮದೆಂದು ಮುದುಕ ವರ್ನನ್ ಹೋದ ವರ್ಷ ನಗುತ್ತಲೇ ಹೇಳಿದ್ದರು. ಈ ಮಾರ್ಚಿನಲ್ಲಿ ತೀರಿಕೊಂಡರು. ಈ ಸಲ ಸೊನ್ನೆ ಎಂದು ಪೆನ್ಸಿಲಿನಲ್ಲಿ ಮೊದಲೇ ಬರೆದಿಟ್ಟಿದ್ದೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಫಲಿತಾಂಶ ನೋಡಿದರೆ ಮತ್ತೆ ಒಂದು.

“ಒಂದ್ ವೋಟಿಗೋಸ್ಕರ ಎರಡು ಗಂಟೆ ಡ್ರೈವ್ ಮಾಡಿಸ್ತಿದೀಯಲ್ಲೇ,” ಎಂದು ರೂಮ್‌ಮೇಟ್ ಮಹತಿ ದಾರಿಯುದ್ದಕ್ಕೂ ಗೊಣಗಿದಳು. ಕಾರು ಅವಳದು.

ವರ್ನನ್ ಅವರ ಹೆಂಡತಿ ಡೋರಿಸ್ ಕಾಫಿ ಕೊಟ್ಟರು. ಇಲ್ಲಿ ಶಾಯಿ ಹಚ್ಚುವುದಿಲ್ಲ ಎಂದು ಗೊತ್ತಿದ್ದೂ ನನ್ನ ಕಣ್ಣು ಅವರ ತೋರುಬೆರಳಿಗೇ ಹೋಯಿತು. ಪಕ್ಕದ ಹೆಬ್ಬೆರಳಿನಲ್ಲಿ ಗಂಡನ ಉಂಗುರವಿತ್ತು. ಆ ವೋಟು ಯಾರದಿರಬಹುದು ಎಂದು ಕೇಳಿದೆ.

“ನಂದೇ. ನಲವತ್ತು ವರ್ಷ ಒಂದೇ ಟ್ರಕ್ಕಲ್ಲಿ ಹೋಗಿ, ಅವರ ವೋಟನ್ನ ನನ್ನ ರಿಪಬ್ಲಿಕನ್ ವೋಟಿಂದ ಹೊಡೆದುಹಾಕಿ ಬರ್ತಿದ್ದೆ. ಈ ಸಲ ಒಬ್ಬಳೇ ಹೋದೆ. ಅವರ ಜಾಗದಲ್ಲಿ ಸೊನ್ನೆ ಬರೋದು ಬೇಡ ಅನ್ನಿಸ್ತು.”

ಸಂದರ್ಶನಕ್ಕೆಂದು ಓಡಿಸುತ್ತಿದ್ದ ಟೇಪ್ ನಿಲ್ಲಿಸಿದೆ.

ಪ್ರೊಫೆಸರರಿಗೆ ಸೋಮವಾರ ಟೇಬಲ್ ಬೇಕು. ಹೋದ ಸಲ ಒಂದು, ಈ ಸಲವೂ ಒಂದು. ಕೊನೆಯ ಕಾಲಮ್ಮಿನಲ್ಲಿ ‘ಬದಲಾವಣೆ ಇಲ್ಲ’ ಎಂದು ಬರೆಯಬೇಕು. ಸೊನ್ನೆಯನ್ನು ಅಳಿಸಿದ್ದೇನೆ. ಆ ಎರಡು ಪದ ಬರೆಯಲಾಗದೆ ಪೆನ್ಸಿಲ್ ಹಿಡಿದು ಕೂತಿದ್ದೇನೆ.